ಜಾಲರಿ ಬೇಲಿಯ ಈಚೆಯಿಂದ

ಬೇಸ್‌ಬಾಲ್ ಸೀಸನ್ ಮುಗಿದ ವಾರ, ಮಗನ ತಂಡದ ಅಪ್ಪ ಅಮ್ಮಂದಿರು ತಾವು ತೆಗೆದ ಫೋಟೊಗಳನ್ನೆಲ್ಲ ಒಂದೇ ಕಡೆ ಹಾಕಿದ್ದರು. ರಾತ್ರಿ ಕೂತು ಪೂರ್ತಿ ನೋಡಿದೆ. ಬ್ಯಾಟು ಎತ್ತಿ ನಿಂತ ಹುಡುಗ, ಹಿಂದೆ ಮಸುಕಾದ ಹಸಿರು. ಮತ್ತೆ ಬ್ಯಾಟು ಎತ್ತಿ ನಿಂತ ಇನ್ನೊಬ್ಬ ಹುಡುಗ. ನಾನು ತೆಗೆದವೂ ಅಂಥವೇ. ಯಾರು ಯಾರಿಗೆ ಚೆಂಡು ಎಸೆದರು, ಯಾರ ಕೂಗು ಕೇಳಿ ಯಾರು ಓಡಿದರು ಎನ್ನುವುದು ಆ ರಾಶಿಯಲ್ಲಿ ಎಲ್ಲೂ ಸಿಗಲಿಲ್ಲ. ನಾವು ನಮ್ಮ ನಮ್ಮ ಮಕ್ಕಳನ್ನು ತೆಗೆದಿದ್ದೆವು, ಅವರು ಆಡಿದ ಆಟವನ್ನಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮಂಥ ಕನ್ನಡಿಗರಲ್ಲಿ ಈ ದೋಷಕ್ಕೆ ಇನ್ನೊಂದು ಬೇರೂ ಇದೆ. ಕ್ರಿಕೆಟ್ ನೋಡಿ ಬೆಳೆದ ಕಣ್ಣು ಮೊದಲು ಬ್ಯಾಟನ್ನೇ ಹುಡುಕುತ್ತದೆ. ಅಲ್ಲಿ ಬ್ಯಾಟರ್ ದಿನವಿಡೀ ಕ್ರೀಸಿನಲ್ಲಿ ನಿಂತಾನು. ಇಲ್ಲಿ ಒಂದು ಸರದಿ ಎಂದರೆ ಕೆಲವೇ ನಿಮಿಷ. ಮೂರು ಸ್ಟ್ರೈಕ್ ಆದರೆ ಡಗ್‌ಔಟಿಗೆ ವಾಪಸ್. ಮಗುವಿನ ಆಟದ ಬಹುಪಾಲು ಹೊತ್ತು ಕಳೆಯುವುದು ಗ್ಲೌಸ್ ತೊಟ್ಟು ಕಾಯುವುದರಲ್ಲಿ, ಬೆಂಚಿನ ಮೇಲೆ ಕೂತು ಗೆಳೆಯರಿಗಾಗಿ ಕೂಗುವುದರಲ್ಲಿ.

ಚೆಂಡು ಬ್ಯಾಟಿಗೆ ತಾಗುವ ಕ್ಷಣವೇ ಬೇಕು ಎನ್ನುವವರೂ ಕ್ಯಾಮೆರಾದ ಮೇಲೆ ಭಾರ ಹಾಕಿ ಸುಮ್ಮನಾಗುತ್ತಾರೆ. ಲೆಕ್ಕ ಹಾಕಿ ನೋಡಿ. ಲಿಟಲ್ ಲೀಗ್‌ನಲ್ಲಿ 12ರ ಒಳಗಿನ ಮಕ್ಕಳಿಗೆ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟಿಗೆ 46 ಅಡಿ. ಚೆಂಡು ಗಂಟೆಗೆ 50 ಮೈಲಿ ವೇಗದಲ್ಲಿ ಬಂದರೆ, ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾದ ಗುಂಡಿ ಒತ್ತಿಹಿಡಿದಾಗ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು 7 ಅಡಿ ದಾಟಿರುತ್ತದೆ. ಬೇಕಾದ ಕ್ಷಣ ಆ ಸಂದಿಯಲ್ಲೇ ಜಾರಿಹೋಗುತ್ತದೆ. ಪಿಚರನ ತೋಳು, ಬ್ಯಾಟರನ ಮುಂಗಾಲು ಎರಡನ್ನೂ ಬಲ್ಲವರು ಒಂದೇ ಒಂದು ಸಲ, ತುಸು ಮುಂಚೆಯೇ ಒತ್ತುತ್ತಾರೆ. ಆಟ ನೋಡಿ ನೋಡಿ ಬರುವ ವಿದ್ಯೆ ಅದು. ದುಬಾರಿ ಲೆನ್ಸ್ ಕೊಂಡರೆ ಬರುವುದಿಲ್ಲ.

ಮಿಕ್ಕ ತೊಡಕುಗಳು ಸಣ್ಣವು. ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿದು ಅಪರ್ಚರ್ ಅಗಲ ಮಾಡಿದರೆ ತಂತಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಟೊಪ್ಪಿಯ ನೆರಳು ಮುಖ ಮುಚ್ಚಿದ್ದರೆ ಮಂಡಿಯೂರಿ ಕೂತು ಕೆಳಗಿನಿಂದ ತೆಗೆಯಬೇಕು. ಕ್ಷಮಿಸಲಾಗದ್ದು ಒಂದೇ: ಬೇಲಿಯಾಚೆಯಿಂದ ‘ಇಲ್ಲಿ ನೋಡೋ, ಇಲ್ಲಿ ನೋಡೋ’ ಎಂದು ಆಡುತ್ತಿರುವ ಮಗುವನ್ನು ಕರೆಯುವುದು. ಹಾಗೆ ತಿರುಗಿದ ಹುಡುಗನೊಬ್ಬನ ಪಕ್ಕದಲ್ಲೇ ಚೆಂಡು ಉರುಳಿಹೋದದ್ದನ್ನು ಕಂಡಿದ್ದೇನೆ. ಅವನು ಇನ್ನಿಂಗ್ಸ್ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಆ ಸೀಸನ್ನಿನ ಅತ್ಯುತ್ತಮ ಚಿತ್ರ ಆ ರಾಶಿಯಲ್ಲಿ ಇರಲೇ ಇಲ್ಲ. ತಂಡದ ತಾಯಿಯೊಬ್ಬರು ತೆಗೆದದ್ದು. ಸ್ಟ್ರೈಕ್‌ಔಟ್ ಆದ ಹುಡುಗ ಹೆಲ್ಮೆಟ್ಟನ್ನೂ ತೆಗೆಯದೆ ಬೆಂಚಿನ ತುದಿಯಲ್ಲಿ ಕೂತಿದ್ದಾನೆ. ಕೆನ್ನೆ ಒದ್ದೆ, ಅದರ ಮೇಲೆ ಧೂಳಿನ ಗೆರೆ. ಪಕ್ಕದವನು ಅವನ ಮುಖ ನೋಡುತ್ತಿಲ್ಲ. ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ಎರಡು ಬೆರಳಲ್ಲಿ ಅವನತ್ತ ಸರಿಸುತ್ತಿದ್ದಾನೆ. ತೆಗೆದವರ ಸ್ವಂತ ಮಗ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದ್ದಾನೆ. ಅಳುವ ಮಗುವಿನ ಚಿತ್ರವನ್ನು ಎಲ್ಲರ ಮುಂದೆ ಇಡಬಾರದೆಂದು ಆಕೆ ಅದನ್ನು ಹಂಚಲಿಲ್ಲ. ಎರಡು ಪ್ರಿಂಟ್ ಹಾಕಿಸಿ ಇಬ್ಬರು ಹುಡುಗರ ಮನೆಗೂ ಕೊಟ್ಟರು. ಅತ್ತ ಹುಡುಗನ ಮನೆಗೆ ಊಟಕ್ಕೆ ಹೋದಾಗ ನಾನದನ್ನು ನೋಡಿದೆ. ಫ್ರಿಜ್ಜಿನ ಬಾಗಿಲ ಮೇಲೆ, ಅವನದೇ ಎತ್ತರಕ್ಕೆ ಅಂಟಿಸಿಕೊಂಡಿದ್ದ.