ಒಂದೇ ಪಾತ್ರೆಯ ನೀರು

ಐಡಿಯಲಿಸಂ ಎಂಬುದನ್ನು ‘ಆದರ್ಶವಾದ’ ಎಂದು ಕನ್ನಡಿಸಿ ನಾವು ಎಷ್ಟೋ ವಿದ್ಯಾರ್ಥಿಗಳ ದಾರಿ ತಪ್ಪಿಸಿದ್ದೇವೆ. ಜಾರ್ಜ್ ಬರ್ಕ್ಲಿಯ ವಾದಕ್ಕೂ ಆದರ್ಶಕ್ಕೂ ನಂಟಿಲ್ಲ, ಅದು ಭಾವವಾದ, ಭಾವವೆಂದರೆ ಇಲ್ಲಿ ಮನಸ್ಸಿಗೆ ತೋರುವುದು. ಕಾಣುವ, ಮುಟ್ಟುವ ವಸ್ತುವಿಗೆ ಮನಸ್ಸಿಗೆ ತೋರುವುದೇ ಇರವು, ಅದರ ಹಿಂದೆ ಜಡದ್ರವ್ಯವೆಂಬ ಬೇರೊಂದಿಲ್ಲ ಎನ್ನುತ್ತಾನೆ ಈ ಐರಿಷ್ ಪಾದ್ರಿ. 1710ರ ಗ್ರಂಥದಲ್ಲಿ ಇದನ್ನು ಹೇಳಿದಾಗ ಹೆಚ್ಚಿನವರಿಗೆ ಒಪ್ಪಿಗೆಯಾಗಲಿಲ್ಲ. 1713ರಲ್ಲಿ ಅದನ್ನೇ ಹೈಲಾಸ್, ಫಿಲೋನಸ್ ಎಂಬಿಬ್ಬರ ಮೂರು ಸಂವಾದಗಳಾಗಿ ಬರೆದ.

ಗ್ರೀಕಿನಲ್ಲಿ ‘ಹೈಲೆ’ ಎಂದರೆ ಜಡದ್ರವ್ಯ. ಫಿಲೋನಸ್ ಎಂದರೆ ಮನಸ್ಸನ್ನು ಪ್ರೀತಿಸುವವನು. ಹೆಸರಿಡುವಾಗಲೇ ತೀರ್ಪು ಬರೆದಾಗಿದೆ!

ಆದರೂ ಮೊದಲ ಸಂವಾದವನ್ನು ಓದುವ ಸುಖವೇ ಬೇರೆ. ಫಿಲೋನಸ್ ಹೇಳುತ್ತಾನೆ: ಬೆಂಕಿಯ ತೀರಾ ಹತ್ತಿರ ಹೋದರೆ ಬಿಸಿ ಬೇರೆ, ನೋವು ಬೇರೆ ಅನ್ನಿಸುವುದಿಲ್ಲ. ನೋವು ಮನಸ್ಸಿನದಾದರೆ ಆ ಬಿಸಿಯೂ ಮನಸ್ಸಿನದೇ. ಮುಂದೆ, ಒಂದು ಕೈ ಬಿಸಿ, ಇನ್ನೊಂದು ತಣ್ಣಗೆ ಇರುವಾಗ ಎರಡನ್ನೂ ಒಟ್ಟಿಗೆ ಉಗುರುಬೆಚ್ಚಗಿನ ನೀರಿಗೆ ಅದ್ದು: ಒಂದಕ್ಕೆ ತಂಪು, ಇನ್ನೊಂದಕ್ಕೆ ಬಿಸಿ. ನೀರು ಎರಡೂ ಆಗಿರಲಾರದಲ್ಲ? ಹೈಲಾಸ್ ತಲೆಯಾಡಿಸುತ್ತಾನೆ. ನಾನಾಗಿದ್ದರೆ ಕೇಳುತ್ತಿದ್ದೆ: ಎರಡೂ ಕೈ ಮುಳುಗಿದ್ದು ಒಂದೇ ಪಾತ್ರೆಯಲ್ಲಿ ಎಂದು ನೀನು ಮೊದಲೇ ಒಪ್ಪಿಕೊಂಡೆಯಲ್ಲ, ಆ ಒಂದು ನೀರು ಯಾವುದು? ಅದನ್ನು ತೆಗೆದುಬಿಟ್ಟರೆ ವಿರೋಧವೇ ಉಳಿಯುವುದಿಲ್ಲ. ಎರಡು ಕೈ, ಎರಡು ಅನುಭವ, ಅಷ್ಟೆ. 1903ರಲ್ಲಿ ತತ್ತ್ವಜ್ಞಾನಿ ಜಿ. ಇ. ಮೂರ್ ಎತ್ತಿದ ಆಕ್ಷೇಪ ಇನ್ನೂ ಆಳದ್ದು: ಅರಿಯುವುದು ಬೇರೆ, ಅರಿತದ್ದು ಬೇರೆ, ಅರಿವು ಮನಸ್ಸಿನಲ್ಲಿದೆ ಎಂದಮಾತ್ರಕ್ಕೆ ಅರಿತದ್ದೂ ಅಲ್ಲೇ ಇರಬೇಕಿಲ್ಲ. ಕಲ್ಲಿಗೆ ಒದ್ದು ಬರ್ಕ್ಲಿಯನ್ನು ಖಂಡಿಸಿದೆನೆಂದ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಸಿಕ್ಕಿದ್ದು ಕಾಲುನೋವು ಮಾತ್ರ. ನೋವು ಬರ್ಕ್ಲಿಯ ಕಡೆಯ ಸಾಕ್ಷಿ.

ಯಾರೂ ನೋಡದಿರುವಾಗ ಮರ ಏನಾಗುತ್ತದೆ? ದೇವರ ಮನಸ್ಸಿನಲ್ಲಿರುತ್ತದೆ ಎನ್ನುತ್ತಾನೆ ಬರ್ಕ್ಲಿ. ಇಲ್ಲಿ ಬಿಷಪ್ ಆಗಲಿದ್ದವನು ತತ್ತ್ವಜ್ಞಾನಿಯ ಕೈಯಿಂದ ಲೇಖನಿ ಕಸಿದುಕೊಂಡಂತಿದೆ.

ಹೈಲಾಸ್‌ಗೆ ನಿಜವಾಗಿ ಜೀವ ಬರುವುದು 1734ರ ಆವೃತ್ತಿಗೆ ಸೇರಿಸಿದ ಮಾತುಗಳಲ್ಲಿ. ಭಾವಕ್ಕೆ ಸಿಗದ ಜಡದ್ರವ್ಯವನ್ನು ನೀನು ಅಳಿಸಿದೆ, ಭಾವಕ್ಕೆ ಸಿಗದ ಆತ್ಮವನ್ನು ಹೇಗೆ ಉಳಿಸಿಕೊಂಡೆ, ನೀನೂ ತೇಲುವ ಭಾವಗಳ ಗುಂಪಷ್ಟೇ ಅಲ್ಲವೇ ಎನ್ನುತ್ತಾನೆ. ನಾನಿರುವುದು ನನಗೇ ಗೊತ್ತು ಎಂದು ಫಿಲೋನಸ್ ಸುಮ್ಮನಾಗಿಸುತ್ತಾನೆ. 1739ರಲ್ಲಿ ಡೇವಿಡ್ ಹ್ಯೂಮ್ ತನ್ನೊಳಗೆ ಇಣುಕಿ ನೋಡಿದಾಗ ಆ ‘ನಾನು’ ಅವನಿಗೆ ಎಲ್ಲೂ ಸಿಗಲಿಲ್ಲ.