ಮಾಸ್ತಿಕಲ್ಲಿನ ಕೈ: ಬಾಲಕಿಯರ ಸೂಪರ್‌ಹೀರೊ ಕಾದಂಬರಿ ಮತ್ತು ಗಡಿಕನ್ನಡದ ಓದು

1

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ ಉದ್ದನಪಲ್ಲಿಯ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳೇ. ಕನ್ನಡ ಮನೆಮಾತಿನ ಮಕ್ಕಳು ಪಠ್ಯದ ಹೊರಗೆ ಏನನ್ನು ಓದುತ್ತಾರೆಂದು ತಿಳಿಯಲು ಅಲ್ಲಿಗೆ ಹೋಗಿದ್ದಾಗ, ಒಂದು ಮನೆಯ ಅಟ್ಟದಿಂದ 'ಬಾಲಮಂಗಳ'ದ ಹಳೆಯ ಸಂಚಿಕೆಗಳ ಕಟ್ಟೊಂದನ್ನು ಇಳಿಸಿದರು. ಅದು ಆ ಮನೆಯ ಯಜಮಾನರು ಹುಡುಗರಾಗಿದ್ದಾಗ ಓದಿದ ಕಟ್ಟು. ಈಗ ಅದನ್ನು ಓದುತ್ತಿರುವವಳು ಅವರ ಹನ್ನೊಂದು ವರ್ಷದ ಮಗಳು. ಇಲಿಯ ರೂಪದ ಮಹಾಶೂರ ಡಿಂಗನ ಕಥೆಗಳನ್ನೆಲ್ಲ ಓದಿ ಮುಗಿಸಿದ್ದ ಅವಳು ಕೇಳಿದ ಪ್ರಶ್ನೆ ಇಷ್ಟೇ: "ಡಿಂಗನ ಥರ ಹುಡುಗಿ ಯಾರೂ ಇಲ್ವಾ ಅಕ್ಕಾ?"

ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇಂಗ್ಲಿಷಿನ ಹತ್ತು ಹೆಸರುಗಳು ಹೊಳೆದವು. ಕನ್ನಡದಲ್ಲಿ ಒಂದೂ ಹೊಳೆಯಲಿಲ್ಲ. ಈ ಕೊರತೆ ಎಲ್ಲಿಂದ ಬಂತು, ಅದನ್ನು ತುಂಬಬೇಕೆ, ತುಂಬುವುದಾದರೆ ಎಂತಹ ಕೃತಿಯಿಂದ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಸೂಪರ್‌ಹೀರೊ ಕಥೆಗೆ ಮೂರು ಆಧಾರಗಳಿವೆ: ಸಾಮಾನ್ಯರಿಗಿಲ್ಲದ ಒಂದು ಶಕ್ತಿ, ಅದನ್ನು ಮರೆಮಾಡುವ ಇನ್ನೊಂದು ಗುರುತು, ಆ ಶಕ್ತಿಯನ್ನು ಯಾರಿಗಾಗಿ ಬಳಸಬೇಕೆಂಬ ಸಂಕಲ್ಪ. 1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಪ್ರಕಟವಾದಾಗ ಈ ಮೂರೂ ಒಟ್ಟಿಗೆ ಬಂದವು. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಯಹೂದಿ ವಲಸೆಗಾರರ ಮಕ್ಕಳು. ಹೊರಗೊಂದು ಹೆಸರು, ಒಳಗೊಂದು ಹೆಸರು ಇಟ್ಟುಕೊಂಡು ಬದುಕುವ ಅನುಭವ ಅವರಿಗೆ ಕಲ್ಪನೆಯಾಗಿರಲಿಲ್ಲ. ಗಡಿನಾಡಿನ ಓದುಗರು ನೆನಪಿಡಬೇಕಾದ ಸಂಗತಿಯಿದು.

ಹೆಣ್ಣು ಈ ಲೋಕಕ್ಕೆ ಬಂದದ್ದು 1941ರಲ್ಲಿ, ವಂಡರ್ ವುಮನ್ ಆಗಿ. ಆದರೆ ಬಾಲಕಿಯ ಪ್ರವೇಶ ಅಷ್ಟು ಸರಾಗವಾಗಿ ಆಗಲಿಲ್ಲ. 1959ರಲ್ಲಿ ಬಂದ ಸೂಪರ್‌ಗರ್ಲ್, ಸೂಪರ್‌ಮ್ಯಾನನ ದಾಯಾದಿ ತಂಗಿ. ಅಣ್ಣನಿಗಿರುವ ಶಕ್ತಿಯೆಲ್ಲ ಅವಳಿಗೂ ಇದೆ. ಆದರೆ ಅಣ್ಣ ಅವಳನ್ನು ಒಂದು ಅನಾಥಾಲಯದಲ್ಲಿ ಗುಟ್ಟಾಗಿ ಇರಿಸುತ್ತಾನೆ. ಲೋಕಕ್ಕೆ ಅವಳ ಪರಿಚಯವಾಗುವುದು ಮೂರು ವರ್ಷಗಳ ಬಳಿಕ, ಅವನು ಒಪ್ಪಿದಾಗ. ಹಾರಬಲ್ಲ ಹುಡುಗಿಗೂ ಹೊಸಿಲು ದಾಟಲು ಅಣ್ಣನ ಒಪ್ಪಿಗೆ ಬೇಕಾಗಿತ್ತು.

ಇತ್ತೀಚಿನ ಕಾದಂಬರಿಗಳು ಈ ಕಟ್ಟನ್ನು ಬಿಚ್ಚಿವೆ. 2014ರಲ್ಲಿ ಆರಂಭವಾದ 'ದಿ ಪ್ರಿನ್ಸೆಸ್ ಇನ್ ಬ್ಲ್ಯಾಕ್' ಮಾಲೆಯಲ್ಲಿ ನಯನಾಜೂಕಿನ ರಾಜಕುಮಾರಿಯೇ ಮರೆಯಲ್ಲಿ ಕಪ್ಪು ಉಡುಪು ತೊಟ್ಟು ರಾಕ್ಷಸರನ್ನು ಹಿಮ್ಮೆಟ್ಟಿಸುತ್ತಾಳೆ. ಓದಲು ಈಗಷ್ಟೇ ಕಲಿತ ಮಕ್ಕಳಿಗಾಗಿ ಬರೆದ ಕಥೆಯಿದು. ಶ್ಯಾನನ್ ಹೇಲ್ ಮತ್ತು ಡೀನ್ ಹೇಲ್ 2017ರಲ್ಲಿ ಪ್ರಕಟಿಸಿದ ಅಳಿಲುಹುಡುಗಿಯ ಕಾದಂಬರಿಯಲ್ಲಿ ಹದಿನಾಲ್ಕರ ಡೋರೀನ್ ತನ್ನ ಬಾಲವನ್ನು ಉಡುಪಿನೊಳಗೆ ಮಡಚಿಕೊಂಡು ಶಾಲೆಗೆ ಹೋಗುತ್ತಾಳೆ. ಮೈಯಲ್ಲಿ ಏನೋ ಬದಲಾಗಿದೆ, ಅದನ್ನು ಯಾರಿಗೂ ಕಾಣದಂತೆ ಅಡಗಿಸಬೇಕು ಎಂಬ ಹದಿವಯಸ್ಸಿನ ಅಳುಕನ್ನು ಈ ಕೃತಿ ನಗುನಗುತ್ತಲೇ ಹಿಡಿದಿದೆ. ಹುಡುಗರ ಕಥೆಗಳಲ್ಲಿ ಗುಪ್ತ ಗುರುತು ಬಹುಮಟ್ಟಿಗೆ ಒಂದು ತಂತ್ರ. ಹುಡುಗಿಯರ ಕಥೆಯಲ್ಲಿ ಅದು ದಿನನಿತ್ಯದ ಬದುಕಾಗಿಬಿಡುತ್ತದೆ. ಈ ಪ್ರಕಾರಕ್ಕೆ ಬಾಲಕಿಯರ ಕಾದಂಬರಿ ಕೊಟ್ಟಿರುವ ಮುಖ್ಯ ಕೊಡುಗೆ ಇದೇ ಎಂದು ನನ್ನ ಅಭಿಪ್ರಾಯ.

3

ಕನ್ನಡ ಮಕ್ಕಳಿಗೆ ಮಹಾಶೂರರ ಬರವಿರಲಿಲ್ಲ. 'ಸುಧಾ'ದ ಪುಟಗಳಲ್ಲಿ ಫ್ಯಾಂಟಮ್ ಇದ್ದ, 'ಬಾಲಮಂಗಳ'ದಲ್ಲಿ ಡಿಂಗ ಇದ್ದ, 1997ರಿಂದ ದೂರದರ್ಶನದಲ್ಲಿ ಶಕ್ತಿಮಾನ್ ಬಂದ. ಗಡಿಯ ಈಚೆಗಿನ ತಮಿಳು ಮಕ್ಕಳ ಕೈಯಲ್ಲಿ 1972ರಿಂದ ಶಿವಕಾಶಿಯ 'ಮುತ್ತು ಕಾಮಿಕ್ಸ್' ಇತ್ತು. 1984ರಲ್ಲಿ ಅದೇ ಊರಿನಿಂದ ಹೊರಟ 'ಲಯನ್ ಕಾಮಿಕ್ಸ್' ತನ್ನ ಮೊದಲ ಸಂಚಿಕೆಗೆ ಆರಿಸಿಕೊಂಡದ್ದು ಮಾಡೆಸ್ಟಿ ಬ್ಲೇಸ್ ಎಂಬ ಸಾಹಸಿ ಹೆಣ್ಣನ್ನು. ಅವಳು ಬಾಲಕಿಯರಿಗಾಗಿ ರೂಪುಗೊಂಡ ಪಾತ್ರವಲ್ಲ, ದಿಟ. ಆದರೂ ಹೆಣ್ಣೊಬ್ಬಳು ಮುಖಪುಟದಲ್ಲಿ ನಿಂತು ಒಂದು ಪತ್ರಿಕೆಯನ್ನು ಆರಂಭಿಸಬಲ್ಲಳೆಂದು ತಮಿಳು ಓದುಗರು ಕಂಡರು.

ಕನ್ನಡದ ಮಕ್ಕಳ ಕಾದಂಬರಿ ಸೊರಗಿದೆ ಎನ್ನುವಂತಿಲ್ಲ. ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ಕ್ಕೂ, 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೂ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೂ ಸಂದಿತು. ಮೂರೂ ಕಾದಂಬರಿಗಳು. ಈ ಬರವಣಿಗೆಯ ಒಲವು ಒಟ್ಟಿನಲ್ಲಿ ಊರು, ಶಾಲೆ, ಪರಿಸರಗಳ ವಾಸ್ತವದ ಕಡೆಗೆ. ಅದು ಒಳ್ಳೆಯದೇ. ನಾನು ಇಲ್ಲಿ ಗಮನಿಸಬಯಸುವುದು ಮೊದಲ ಕೃತಿಯ ಶೀರ್ಷಿಕೆಯನ್ನು ಮಾತ್ರ. 'ಓಡಿ ಹೋದ ಹುಡುಗ' ಎಂದೊಡನೆ ಕಾಡು, ಬೆಟ್ಟ, ರೈಲು, ಹೊಸ ಊರು ಕಣ್ಣಮುಂದೆ ಬರುತ್ತವೆ. ಅದನ್ನೇ 'ಓಡಿಹೋದ ಹುಡುಗಿ' ಎಂದು ಬದಲಿಸಿ ನೋಡಿ. ಕನ್ನಡದಲ್ಲಿ ಆ ಮಾತಿಗೆ ಒಂದೇ ಅರ್ಥ. ಅದು ಸಾಹಸದ ಅರ್ಥವಲ್ಲ, ಮನೆತನದ ಮಾನ ಹೋದ ಅರ್ಥ. ಹುಡುಗ ಊರು ಸುತ್ತಿದರೆ ಲೋಕಾನುಭವ, ಹುಡುಗಿ ಊರು ಸುತ್ತಿದರೆ ಬೈಗುಳ. ಧೈರ್ಯವನ್ನು ಹೊಗಳುವುದಕ್ಕೂ ನಮಗೆ 'ಗಂಡೆದೆ', 'ಗಂಡುಗಲಿ' ಎಂಬ ಮಾತುಗಳೇ ಬೇಕು. ತೆಗಳುವುದಕ್ಕೆ 'ಗಂಡುಬೀರಿ' ಇದೆ. 'ವೀರವನಿತೆ', 'ವೀರಮಾತೆ' ಎಂಬ ಪದಗಳಿವೆ, ಆದರೆ ಅವು ಬೆಳೆದ ಹೆಣ್ಣಿಗೆ, ಹೆಚ್ಚಾಗಿ ಸತ್ತ ಮೇಲೆ ಸಲ್ಲುವ ಬಿರುದುಗಳು. ಹನ್ನೊಂದು ವರ್ಷದ ಧೀರೆಯನ್ನು ಕರೆಯಲು ಕನ್ನಡಕ್ಕೆ ಒಂದು ಸಹಜವಾದ ಪದವಿಲ್ಲ. ಹೀಗಾಗಿ ಕೊರತೆ ಪುಸ್ತಕದಂಗಡಿಯಿಂದ ಶುರುವಾದದ್ದಲ್ಲ, ಅದರ ಬೇರು ಮಾತಿನಲ್ಲೇ ಇದೆ.

4

ಧರ್ಮಪುರಿ, ಕೃಷ್ಣಗಿರಿ, ಹೊಸೂರು ಸೀಮೆ ವೀರಗಲ್ಲುಗಳಿಗೆ ಹೆಸರಾದದ್ದು. ತಮಿಳರು ಅವನ್ನು ನಡುಕಲ್ ಎನ್ನುತ್ತಾರೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನು, ಊರಿಗಾಗಿ ಕಾದಿ ಮಡಿದವನು ಕಲ್ಲಿನಲ್ಲಿ ಆಯುಧ ಹಿಡಿದು ನಿಂತಿದ್ದಾನೆ. ಕನ್ನಡ ನಾಡಿನ ಉದ್ದಗಲಕ್ಕೂ ವೀರಗಲ್ಲಿನ ಜೊತೆಗೆ ಇನ್ನೊಂದು ಬಗೆಯ ಕಲ್ಲೂ ಇದೆ. ಅದು ಮಹಾಸತಿಯ ಕಲ್ಲು, ಅಂದರೆ ಮಾಸ್ತಿಕಲ್ಲು. ಅನೇಕ ಮಾಸ್ತಿಕಲ್ಲುಗಳಲ್ಲಿ ಪೂರ್ಣ ಹೆಣ್ಣಿನ ರೂಪವಿಲ್ಲ. ಒಂದು ಕಂಬ, ಅದರಿಂದ ಹೊರಟು ಮೊಣಕೈಯಲ್ಲಿ ಬಾಗಿ ಮೇಲೆದ್ದ ಬಳೆ ತೊಟ್ಟ ಕೈ, ಅಂಗೈಯಲ್ಲಿ ನಿಂಬೆಹಣ್ಣು, ಇಷ್ಟೇ.

ಲೋಕದ ಎಲ್ಲ ಮಹಾಶೂರ ಚಿತ್ರಗಳಲ್ಲೂ ಹಾರುವಾಗ ಕೈ ಮೇಲೆದ್ದಿರುತ್ತದೆ. ಮಾಸ್ತಿಕಲ್ಲಿನಲ್ಲೂ ಕೈ ಮೇಲೆದ್ದಿದೆ. ಭಂಗಿ ಹತ್ತಿರದ್ದೇ, ಅರ್ಥ ಮಾತ್ರ ತೀರ ಬೇರೆ. ಗಂಡು ಕಾದಿ ಕಲ್ಲಾದ, ಹೆಣ್ಣು ಉರಿದು ಕಲ್ಲಾದಳು. ಅವಳ ಹಿರಿಮೆಗೆ ಅವಳು ಇಲ್ಲವಾಗುವುದೇ ಷರತ್ತು.

ಈ ಷರತ್ತು ನಮ್ಮ ಕಥನಗಳ ಉದ್ದಕ್ಕೂ ಇದೆ. 'ಕೆರೆಗೆ ಹಾರ'ದ ಭಾಗೀರಥಿ ಊರಿಗೆ ನೀರು ತರುತ್ತಾಳೆ, ತಾನು ಮುಳುಗುತ್ತಾಳೆ. ಚಿತ್ರದುರ್ಗದ ಓಬವ್ವ ಒನಕೆ ಹಿಡಿದು ಕೋಟೆಯನ್ನು ಉಳಿಸುತ್ತಾಳೆ, ಜನರ ನಾಲಗೆಯ ಮೇಲಿನ ಕಥೆಯಲ್ಲಿ ಅದೇ ದಿನ ಸಾಯುತ್ತಾಳೆ. 1972ರ 'ನಾಗರಹಾವು' ಚಿತ್ರ ಅವಳನ್ನು ಮನೆಮನೆಗೆ ತಲುಪಿಸಿತು. ಆದರೆ ಓಬವ್ವನ ಕಥೆಗೆ ಎರಡನೆಯ ಅಧ್ಯಾಯವಿಲ್ಲ. ಸೂಪರ್‌ಹೀರೊ ಕಥೆಯ ಪ್ರಾಣವಿರುವುದೇ ಎರಡನೆಯ ಅಧ್ಯಾಯದಲ್ಲಿ. ನಾಳೆಯೂ ಅವಳು ಬರುತ್ತಾಳೆಂಬ ನಂಬಿಕೆಯೇ ಓದುವ ಹುಡುಗಿಗೆ ಬೇಕಾದದ್ದು.

ಕನ್ನಡದ ಜನಪದದಲ್ಲಿ ಈ ಪ್ರಕಾರಕ್ಕೆ ಅತ್ಯಂತ ಸಮೀಪದ ಕಥೆಯೆಂದರೆ ಹೂವಿನ ಗಿಡವಾಗುವ ಹುಡುಗಿಯದು. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಈ ಕಥೆ, ಅವರ ನಿಧನದ ನಂತರ 1997ರಲ್ಲಿ ಹೊರಬಂದ ಸಂಕಲನಕ್ಕೆ ಹೆಸರನ್ನೂ ಕೊಟ್ಟಿತು. ಚಂದ್ರಶೇಖರ ಕಂಬಾರರ 'ಪುಷ್ಪರಾಣಿ' ನಾಟಕವಾಗಿ ನಮ್ಮ ಮಕ್ಕಳಿಗೂ, 2006ರಲ್ಲಿ ಜಾನ್ ಆ್ಯಡಮ್ಸ್ ರಚಿಸಿದ ಒಪೆರಾ ಆಗಿ ವಿಯೆನ್ನಾಕ್ಕೂ ಅದು ತಲುಪಿತು. ಕಥೆಯಲ್ಲಿ ಸೂಪರ್‌ಹೀರೊವಿನ ಲಕ್ಷಣಗಳೆಲ್ಲ ಇವೆ. ಬಡ ಹುಡುಗಿಗೆ ರೂಪ ಬದಲಿಸುವ ಶಕ್ತಿಯಿದೆ, ಅದಕ್ಕೊಂದು ವಿಧಿಯಿದೆ, ಗುಟ್ಟಿದೆ, ತಾಯಿಯ ಕಷ್ಟ ನೀಗಬೇಕೆಂಬ ಸಂಕಲ್ಪವಿದೆ. ಆದರೆ ಮರಳಿ ಮನುಷ್ಯಳಾಗಲು ಅವಳಿಗೆ ಇನ್ನೊಬ್ಬರು ನೀರೆರೆಯಬೇಕು. ಗಂಡ ತನ್ನ ಕಣ್ಣಿಗೆ ಹಬ್ಬವಾಗಲೆಂದು ಅವಳನ್ನು ಗಿಡವಾಗಿಸುತ್ತಾನೆ. ನಾದಿನಿ ಗೆಳತಿಯರ ಮುಂದೆ ಮೆರೆಯಲೆಂದು ಗಿಡವಾಗಿಸಿ, ಕೊಂಬೆ ಮುರಿದು ಬಿಟ್ಟು ಹೋಗುತ್ತಾಳೆ. ಕೊನೆಗೆ ಅವಳನ್ನು ಪೂರ್ಣಗೊಳಿಸುವುದು ಗಂಡನ ಕೈ. ಶಕ್ತಿ ಅವಳದು, ಶಕ್ತಿಯ ಬಳಕೆ ಪರರದು. ಮದುವೆಯಾದ ಎಳೆಯ ಹುಡುಗಿಯ ಮೈ ಯಾರ ವಶದಲ್ಲಿರುತ್ತದೆ ಎಂಬುದನ್ನು ಇದಕ್ಕಿಂತ ನಿಖರವಾಗಿ ಹೇಳಿದ ಕಥೆಯನ್ನು ನಾನು ಓದಿಲ್ಲ. ಬಾಲ್ಯವಿವಾಹದ ಪಿಡುಗು ಇನ್ನೂ ತೊಲಗದ ಕೃಷ್ಣಗಿರಿ ಜಿಲ್ಲೆಯಲ್ಲಿ ಇದು ಹಳೆಯ ಕಾಲದ ಮಾತಾಗಿ ಕೇಳಿಸದು. ಕನ್ನಡದ ಬಾಲಕಿಯರ ಸಾಹಸ ಕಾದಂಬರಿ ಹುಟ್ಟುವುದಾದರೆ ಈ ಕಥೆಯ ಪ್ರಶ್ನೆಯಿಂದ ಹುಟ್ಟಬೇಕು: ನೀರಿನ ಕೊಡ ಅವಳ ಕೈಯಲ್ಲೇ ಇದ್ದರೆ ಏನಾಗುತ್ತಿತ್ತು?

ನೆರೆಯ ಭಾಷೆಗಳು ಇಂತಹ ಪ್ರಶ್ನೆಯನ್ನು ಕೇಳಿಕೊಳ್ಳತೊಡಗಿವೆ. 2025ರ ಮಲಯಾಳಂ ಚಿತ್ರ 'ಲೋಕಾ' ಕೇರಳದ ಯಕ್ಷಿ ಕಳ್ಳಿಯಂಕಾಟ್ಟು ನೀಲಿಯನ್ನು ಮಹಾಶೂರೆಯಾಗಿಸಿ ಬೆಂಗಳೂರಿನಲ್ಲೇ ತಂದು ನಿಲ್ಲಿಸಿತು. ಅದೇ ಬೆಂಗಳೂರಿನ ಗೋಡೆಗಳ ಮೇಲೆ ಒಮ್ಮೆ ನಾವು 'ನಾಳೆ ಬಾ' ಎಂದು ಬರೆದು ಹೆಣ್ಣುದೆವ್ವವನ್ನು ಬಾಗಿಲಿನಿಂದಲೇ ಕಳುಹಿಸಿದ್ದೆವು. ಅವಳನ್ನು ಒಳಗೆ ಕರೆದು ಕಥೆ ಕೇಳುವ ಕೆಲಸವನ್ನು ಕನ್ನಡದ ಮಕ್ಕಳ ಲೇಖಕರು ಇನ್ನೂ ಮಾಡಿಲ್ಲ.

5

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವು.

ಉದ್ದನಪಲ್ಲಿಯ ಹುಡುಗಿಗೆ ಬೇಕಾದದ್ದು ಹಾರುವ ಶಕ್ತಿಯಲ್ಲ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಎಂಬುದು ಮೊದಲನೆಯದು. ಒಪ್ಪತಕ್ಕದ್ದೇ. ಒಬ್ಬಳನ್ನು ಅಸಾಧಾರಣಳನ್ನಾಗಿಸಿ ಉಳಿದವರನ್ನೆಲ್ಲ ರಕ್ಷಣೆಗೆ ಕಾಯುವವರನ್ನಾಗಿಸುವುದು ಈ ಪ್ರಕಾರದ ಹುಟ್ಟುದೋಷ. ಆದರೆ ಕಲ್ಪನೆಯನ್ನು ಬಸ್ಸಿನ ಎದುರಾಳಿಯೆಂದು ಭಾವಿಸಬೇಕಾಗಿಲ್ಲ. ಉದ್ದನಪಲ್ಲಿಯ ಸಮೀಪ ಮೊಬೈಲ್ ಫೋನಿನ ಬಿಡಿಭಾಗಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯಿದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಯುವತಿಯರು, ದೂರದೂರದಿಂದ ಬಂದು ಹಾಸ್ಟೆಲುಗಳಲ್ಲಿ ಇರುವವರು. ಮನೆ ಬಿಟ್ಟು ಹೊರಟ ಹೆಣ್ಣುಮಕ್ಕಳು ನಮ್ಮ ಹುಡುಗಿಯ ಕಣ್ಣೆದುರಿನಲ್ಲೇ ದಿನವೂ ಬಸ್ಸಿನಲ್ಲಿ ಹಾದುಹೋಗುತ್ತಾರೆ. ಬದುಕು ಆಗಲೇ ಮುಂದೆ ಹೋಗಿದೆ. ಅದನ್ನು 'ಓಡಿಹೋಗುವುದು' ಎನ್ನದೆ ಬೇರೆ ಮಾತಿನಲ್ಲಿ ಹೇಳಬಲ್ಲ ಕಥೆ ಮಾತ್ರ ಹಿಂದೆ ಉಳಿದಿದೆ.

ಇಂತಹ ಓದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಸಿಗುತ್ತದಲ್ಲ, ಕನ್ನಡದಲ್ಲೇ ಏಕೆ ಬೇಕು ಎಂಬುದು ಎರಡನೆಯದು. 2006ರ ತಮಿಳು ಕಲಿಕಾ ಕಾಯ್ದೆಯ ಬಳಿಕ ತಮಿಳುನಾಡಿನ ಭಾಷಾ ಅಲ್ಪಸಂಖ್ಯಾತರ ಶಕ್ತಿಯೆಲ್ಲ ಪರೀಕ್ಷೆಯ ವಿನಾಯಿತಿ, ಅರ್ಜಿ, ನ್ಯಾಯಾಲಯಗಳಲ್ಲಿ ವ್ಯಯವಾಗಿದೆ. ಆ ಹೋರಾಟ ಅಗತ್ಯವಾದದ್ದು. ಆದರೆ ಅದರ ನಡುವೆ ಕನ್ನಡವೆಂದರೆ ಮಕ್ಕಳಿಗೆ ಹಕ್ಕಿನ ಭಾಷೆ, ಪಠ್ಯದ ಭಾಷೆ, ಹಿರಿಯರ ಆತಂಕದ ಭಾಷೆ ಎಂಬಂತಾಗಿದೆ. ಅದು ಆಸೆಯ ಭಾಷೆಯೂ ಆಗದಿದ್ದರೆ ಹಕ್ಕು ದೊರೆತರೂ ಓದುವವರಿರುವುದಿಲ್ಲ. ಊಟಕ್ಕೆ ಕರೆದರೂ ಏಳದಂತೆ ಹಿಡಿದು ಕೂರಿಸುವ ಪುಸ್ತಕ ಹನ್ನೊಂದರ ಹರೆಯದಲ್ಲಿ ಯಾವ ಭಾಷೆಯಲ್ಲಿ ಸಿಗುತ್ತದೋ ಆ ಭಾಷೆ ಅವಳದಾಗುತ್ತದೆ.

ಈ ಪ್ರಕಾರ ಗಡಿನಾಡಿಗೆ ಹೊಂದುವುದಕ್ಕೆ ಇನ್ನೊಂದು ಕಾರಣವೂ ಇದೆ. 2014ರಲ್ಲಿ ತನ್ನದೇ ಕಾಮಿಕ್ಸ್ ಮಾಲೆ ಪಡೆದ ಮಿಸ್ ಮಾರ್ವೆಲ್, ಅಂದರೆ ಕಮಲಾ ಖಾನ್, ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿ. ರೂಪ ಬದಲಿಸುವ ಶಕ್ತಿ ಬಂದಾಗ ಅವಳು ಮೊದಲು ತಾಳುವುದು ತಾನು ಆರಾಧಿಸುವ ಹೊಂಗೂದಲ ಬಿಳಿಯ ನಾಯಕಿಯ ರೂಪವನ್ನು. ಶೂರಳಾಗಲು ಬಹುಸಂಖ್ಯಾತರ ಮುಖ ಬೇಕೆಂದು ಅವಳು ನಂಬಿರುತ್ತಾಳೆ. ತನ್ನ ಮುಖದಲ್ಲೇ ಶೂರಳಾಗಬಹುದೆಂದು ತಿಳಿಯುವುದೇ ಅವಳ ನಿಜವಾದ ಸಾಹಸ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಛೇರಿಯಲ್ಲಿ ತಮಿಳು ಆಡುತ್ತ ಗಳಿಗೆಗೊಮ್ಮೆ ಗುರುತು ಬದಲಿಸುವ ಉದ್ದನಪಲ್ಲಿಯ ಹುಡುಗಿಗೆ ಈ ಕಥೆಯ ತಿರುಳನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರು ಭಾಷೆಗಳನ್ನು ಬಲ್ಲದ್ದು ಅವಳಿಗೆ ಕೊರತೆಯಂತೆ ತೋರಿಸಲಾಗಿದೆ. ಅದೇ ಅವಳ ಶಕ್ತಿಯೆಂದು ತೋರಿಸುವ ಕಾದಂಬರಿಯನ್ನು ಬೆಂಗಳೂರಿನಲ್ಲಿ ಕುಳಿತವರಿಗಿಂತ ಹೊಸೂರು, ತಳಿ, ಡೆಂಕಣಿಕೋಟೆಯವರು ಚೆನ್ನಾಗಿ ಬರೆಯಬಲ್ಲರು.

6

ಹಾಗೆ ಬರೆಯುವ ಕೃತಿಯಿಂದ ವಿಮರ್ಶೆ ನಾಲ್ಕನ್ನು ನಿರೀಕ್ಷಿಸಬೇಕು. ಹುಡುಗಿ ಕೊನೆಯ ಪುಟದಲ್ಲಿ ಬದುಕಿರಬೇಕು, ಮದುವೆ ಅವಳ ಬಹುಮಾನವಾಗಬಾರದು. ಶಕ್ತಿಯನ್ನು ಬಳಸುವ, ಬಳಸದೆ ಇರುವ ತೀರ್ಮಾನ ಅವಳದೇ ಆಗಿರಬೇಕು. ಅವಳ ಗೆಲುವಿನಲ್ಲಿ ಶಕ್ತಿಯಿಲ್ಲದ ಗೆಳತಿಯರಿಗೂ ಪಾಲಿರಬೇಕು. ಅವಳ ಬಾಯಲ್ಲಿ ಅವಳ ಮನೆಯ ಕನ್ನಡವೇ ಇರಬೇಕು, ತಮಿಳು ತೆಲುಗು ಬೆರೆತಿದ್ದರೆ ಬೆರೆತ ಹಾಗೆಯೇ. ನೀತಿಬೋಧೆಗೆಂದು ಸಾಹಸವನ್ನು ನೆಪವಾಗಿಸಿಕೊಂಡ ಪುಸ್ತಕವನ್ನು ಮಕ್ಕಳು ಮೂರನೆಯ ಪುಟದಲ್ಲೇ ಗುರುತಿಸಿ ಮುಚ್ಚಿಡುತ್ತಾರೆ ಎಂಬ ಎಚ್ಚರಿಕೆಯೂ ಲೇಖಕರಿಗೆ ಬೇಕು.

ಆ ದಿನ ನಾನು ಹುಡುಗಿಗೆ ಹೂವಿನ ಗಿಡದ ಕಥೆಯನ್ನು ಹೇಳಿದೆ. ನಾದಿನಿ ಕೊಂಬೆ ಮುರಿದಲ್ಲಿಗೆ ಬಂದಾಗ ಅವಳು ತಡೆದಳು. "ಅವಳೇ ನೀರು ಹುಯ್ಕೊಂಬೋದಿತ್ತಲ್ಲ, ಯಾಕೆ ಹುಯ್ಕೊಳ್ಳಲಿಲ್ಲ?" ಎಂದಳು. ಗಿಡಕ್ಕೆ ಕೈಗಳಿರುವುದಿಲ್ಲವಲ್ಲ ಎಂದೆ. ಅವಳಿಗೆ ಅದು ಉತ್ತರವೆನಿಸಲಿಲ್ಲ. ಅಮ್ಮ ಕರೆದದ್ದರಿಂದ ಎದ್ದು ಹೋದಳು, ಕಥೆ ಅಲ್ಲಿಗೇ ನಿಂತಿತು.