ಹೊಗೆಯಿಲ್ಲದ ಹಜಾರ

ದೆಹಲಿಯಲ್ಲಿರುವ ನಮಗೆ ಲುಟ್ಯೆನ್ಸ್ ಎಂದರೆ ಅಗಲವಾದ ರಸ್ತೆ, ಬಿಳಿ ಬಂಗಲೆ, ರೈಸಿನಾ ಗುಡ್ಡದ ಮೇಲಿನ ಗುಮ್ಮಟ. ದೆಹಲಿಯ ಕೆಲಸ ಕೈಗೆ ಬರುವ ಮೊದಲೇ, 1910ರಲ್ಲಿ, ಅದೇ ಎಡ್ವಿನ್ ಲುಟ್ಯೆನ್ಸ್ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ನಾರ್ಥಿಯಮ್ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮರದ ಮನೆಯ ಜೀರ್ಣೋದ್ಧಾರಕ್ಕೆ ತೊಡಗಿದ್ದ. ಗ್ರೇಟ್ ಡಿಕ್ಸ್ಟರ್ ಎಂಬ ಆ ಮನೆಯನ್ನು ಕೊಂಡವನು ನಥಾನಿಯಲ್ ಲಾಯ್ಡ್. ಮನೆಯ ಹಜಾರ 15ನೇ ಶತಮಾನದ ಮಧ್ಯಭಾಗದ್ದು.

ಇಂಥ ಮನೆಗಳಿಗೆ ಗೋಡೆಯಲ್ಲ, ಮರದ ಚೌಕಟ್ಟೇ ಆಧಾರ. ಓಕ್ ಮರದ ಕಂಬ ತೊಲೆಗಳಿಗೆ ತೂತು ಕೊರೆದು, ಒಂದನ್ನೊಂದಕ್ಕೆ ಕೂಡಿಸಿ, ಮರದ ಗೂಟ ಬಡಿದು ನಿಲ್ಲಿಸುತ್ತಿದ್ದರು. ಕಂಬಗಳ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತುತ್ತಿದ್ದರು. ಹಜಾರ ನೆಲದಿಂದ ಮಾಡಿನವರೆಗೂ ತೆರೆದಿರುತ್ತಿತ್ತು. ಬೆಂಕಿ ಅದರ ನೆಲದ ಮೇಲೆಯೇ ಉರಿಯುತ್ತಿತ್ತು. ಚಿಮಣಿಯಿಲ್ಲ; ಹೊಗೆ ಮೇಲೇರಿ ಮಾಡಿನಿಂದ ಹೊರಬೀಳಬೇಕು. ಒಂದು ತುದಿಯಲ್ಲಿ ಯಜಮಾನನ ಊಟದ ಮೇಜು, ಇನ್ನೊಂದು ತುದಿಯಲ್ಲಿ ಬಾಗಿಲು, ಉಗ್ರಾಣ. ಯಾರ ಜಾಗ ಎಲ್ಲಿ ಎಂದು ಕಟ್ಟಡವೇ ಹೇಳುತ್ತಿತ್ತು. ಆ ಎತ್ತರ ಹೊಗೆಗೂ ಬೇಕಿತ್ತು, ಯಜಮಾನನ ದೊಡ್ಡಸ್ತಿಕೆಗೂ ಬೇಕಿತ್ತು.

ಚಿಮಣಿ ಬಂದ ಮೇಲೆ ಆ ಖಾಲಿ ಎತ್ತರ ಬೇಡವಾಯಿತು. ಇಂಥ ಹಜಾರಗಳಿಗೆ ಜನ ನಡುವೆ ಅಟ್ಟ ಹಾಕಿಕೊಂಡರು, ಕೋಣೆಗಳನ್ನು ಮಾಡಿಕೊಂಡರು. ಡಿಕ್ಸ್ಟರ್‌ನಲ್ಲೂ ಹೀಗೇ ಆಗಿತ್ತು. ಲುಟ್ಯೆನ್ಸ್ ಆ ಅಟ್ಟವನ್ನೂ ಅಡ್ಡಗೋಡೆಗಳನ್ನೂ ತೆಗೆಸಿ, ಹಜಾರವನ್ನು ಮತ್ತೆ ಮಾಡಿನವರೆಗೆ ತೆರೆದ. ಅಡಗಿದ್ದ ತೊಲೆಗಳು ಕಣ್ಣಿಗೆ ಬಿದ್ದವು. ಅದು ಚೆಲುವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಮರಳಿ ಬಂದದ್ದು ಹಜಾರದ ಆಕಾರ ಮಾತ್ರ. ಆ ಆಕಾರಕ್ಕೆ ಕಾರಣವಾಗಿದ್ದ ಹೊಗೆ ಬರಲಿಲ್ಲ, ಬರುವುದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಅಟ್ಟ ಹಾಕಿಕೊಂಡವರು ಮನೆಯನ್ನು ಕೆಡಿಸಿದವರಲ್ಲ. ಬೆಚ್ಚಗೆ ಮಲಗಲು ಒಂದು ಕೋಣೆ ಬಯಸಿದವರು. ಅವರ ಕೆಲವು ಶತಮಾನಗಳ ಬಾಳನ್ನು 'ಮೂಲ'ದ ಹೆಸರಿನಲ್ಲಿ ಕಿತ್ತು ಹಾಕಿದರೆ, ನಮಗೆ ಉಳಿಯುವುದು ಮೊದಲ ಯಜಮಾನನ ದೊಡ್ಡಸ್ತಿಕೆಯೊಂದೇ.

ಆದರೂ ಲುಟ್ಯೆನ್ಸ್‌ನ ಇನ್ನೊಂದು ಕೆಲಸವನ್ನು ಮೆಚ್ಚಲೇಬೇಕು. ಪಕ್ಕದ ಕೆಂಟ್ ಸೀಮೆಯ ಬೆನೆಂಡನ್ ಊರಿನಲ್ಲಿ ಪಾಳುಬಿದ್ದಿದ್ದ ಇನ್ನೊಂದು ಮರದ ಮನೆಯನ್ನು ಬಿಚ್ಚಿಸಿ ತಂದು ಇದರ ಹಿಂಬದಿಗೆ ಜೋಡಿಸಿದ. ಗೂಟದಿಂದ ಕೂಡಿಸಿದ್ದನ್ನು ಬಿಚ್ಚಬಹುದು, ಮತ್ತೆ ಕಟ್ಟಬಹುದು. ಎರಡರ ನಡುವೆ ತಾನು ಕಟ್ಟಿದ ಭಾಗಕ್ಕೆ ಹಳೆಯ ಮರದ ವೇಷ ಹಾಕಲಿಲ್ಲ. ಹೊಸದು ಹೊಸದಾಗಿಯೇ ನಿಂತಿದೆ.

ಮನೆ ಬಿಟ್ಟು ಬಂದವರಿಗೆ ಈ ಎರಡು ದಾರಿಗಳ ವ್ಯತ್ಯಾಸ ಬೇಗ ತಿಳಿಯುತ್ತದೆ. ಕಾಲವನ್ನು ಅಳಿಸಿ ಪಡೆದ ಹಜಾರಕ್ಕಿಂತ, ಊರು ಬದಲಿಸಿಯೂ ತನ್ನ ಕೂಡುಗಳನ್ನು ಉಳಿಸಿಕೊಂಡ ಆ ಹಿಂಬದಿಯ ಮನೆಯೇ ನನಗೆ ಹೆಚ್ಚು ನಿಜ.